ಬತ್ತೆ ಅಂದ ಮೇಲೆ

ಕಾಗಾಲ

ನಮ್ಮ ಕಡೆ ಒಂದು ಗಾದೆ ಇದೆ: ಸೊಕ್ಕಿದ್ದರೆ ಯಾಣ, ರೊಕ್ಕಿದ್ದರೆ ಗೋಕರ್ಣ. ಗೋಕರ್ಣಕ್ಕೆ ಹೋಗುವವನ ಕಿಸೆಯಲ್ಲಿ ನಾಲ್ಕು ಕಾಸಿರಬೇಕು, ಯಾಣಕ್ಕೆ ಹೊರಟವನ ಕಾಲಲ್ಲಿ ಕಸುವಿರಬೇಕು ಎಂದು ಅರ್ಥ. ನಮ್ಮ ಕಾಗಾಲದಿಂದ ಗೋಕರ್ಣಕ್ಕೆ ಅಘನಾಶಿನಿ ಹೊಳೆ ದಾಟಿದರೆ ಆಯಿತು. ಯಾಣಕ್ಕೆ ಕಾಡು ಹತ್ತಬೇಕು. ಅರಣ್ಯ ಇಲಾಖೆಯಲ್ಲಿ ಹನ್ನೆರಡು ವರ್ಷ ಚಾಕರಿ ಮಾಡಿದ ನಾನು ಯಾಣ ಕಂಡಿರಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಹುಬ್ಬಳ್ಳಿಯವರು ಬಂದು ನೋಡಿಕೊಂಡು ಹೋಗುತ್ತಾರೆ. ನಾನು ಮಾತ್ರ, ಇಲ್ಲೇ ಉಂಟಲ್ಲ, ಯಾವಾಗಾದರೂ ಹೋದರಾಯಿತು ಎಂದು ಕೂತವನು. ಅಲ್ಲಿಗೆ ಅವ್ವ ಹೇಳಿಕೊಂಡ ಹರಕೆಯೊಂದಿದೆ, ಅದಕ್ಕೆ ನನಗಿಂತ ಜಾಸ್ತಿ ವಯಸ್ಸು.

ಇಂಥ ನಾನು ಅಮೇರಿಕೆಗೆ ಹೋಗಿ ಐದು ದಿನ ಬೆಟ್ಟ ಹತ್ತಿ ಇಳಿದು ಬಂದೆ. ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಏಳೆಂಟು ವರ್ಷವಾಗಿತ್ತು. ಹೊನ್ನಾವರದ ಕಚೇರಿಯಲ್ಲಿದ್ದ ನನ್ನನ್ನು ಮರಮಟ್ಟಿನ ತರಬೇತಿಗೆಂದು ಸರ್ಕಾರ ಹತ್ತು ತಿಂಗಳು ಅಲ್ಲಿಗೆ ಕಳಿಸಿತು. ಭಟ್ಕಳದ ನವಾಯತ ಗೆಳೆಯನೊಬ್ಬ ತನ್ನ ಉಣ್ಣೆಯ ಕೋಟು ಕೊಟ್ಟ. ಅವ್ವ ಉಪ್ಪುನೀರಿನ ಗದ್ದೆಯಲ್ಲಿ ಬೆಳೆಯುವ ಕಗ್ಗದ ಭತ್ತದ ಕೆಂಪು ಅವಲಕ್ಕಿ, ಮಿಡಿ ಉಪ್ಪಿನಕಾಯಿ ಕಟ್ಟಿಕೊಟ್ಟಳು. ಹೊಸಿಲು ದಾಟುವಾಗ ಗಡಿಬಿಡಿಯಲ್ಲಿ "ಹೋಗ್ತೆ ಅವ್ವಾ" ಎಂದುಬಿಟ್ಟೆ.

"ಬಿಡ್ತು ಅನ್ನು! ಅಷ್ಟು ದೂರ ಹೋಗಂವ ಹೋಗ್ತೆ ಹೇಳೂಕಾಗ. ಬತ್ತೆ ಹೇಳು."

"ಆತು ಮಾರಾಯ್ತಿ. ಬತ್ತೆ."

ಈ ಒಂದು ಮಾತು ಅಮೇರಿಕೆಯಲ್ಲಿ ನನ್ನ ಮಾನ ಕಳೆಯುತ್ತದೆಂದು ಆಗ ಗೊತ್ತಿರಲಿಲ್ಲ.

ಅಕ್ಕೋರ ಮನೆ

ತರಬೇತಿ ಇದ್ದದ್ದು ವರ್ಮಾಂಟ್ ಎಂಬ ಪುಟ್ಟ ರಾಜ್ಯದಲ್ಲಿ. ಉಳಿಯಲು ಒಬ್ಬ ನಿವೃತ್ತ ಶಿಕ್ಷಕಿಯ ಮನೆಯ ಮಹಡಿ ಕೋಣೆ ಸಿಕ್ಕಿತು. "ನನ್ನನ್ನು ಎಡ್ನಾ ಎಂದು ಕರೆ" ಎಂದರು. ಅರವತ್ತೈದು ದಾಟಿದ ಹೆಂಗಸನ್ನು ಎಡ್ನಾ ಎಂದು ಕೂಗಿದರೆ ಅವ್ವ ಕಾಗಾಲದಿಂದಲೇ ಒಲೆ ಊದುವ ಕೊಳವೆ ಎಸೆದಾಳು! ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ನಾವು ಅಕ್ಕೋರು ಎನ್ನುತ್ತೇವೆ. ನಾನು ಹಾಗೇ ಕರೆದೆ. ಅವರು ಅದನ್ನು ನಾಲ್ಕು ಸಲ ಹೇಳಿ ನೋಡಿ, "ಎಡ್ನಾಗಿಂತ ಒಳ್ಳೆಯದಿದೆ" ಎಂದು ಒಪ್ಪಿಕೊಂಡರು.

ಅವರ ಅಡುಗೆಮನೆಯ ಗೋಡೆಯಲ್ಲಿ ಉದ್ದನೆಯ ನಕ್ಷೆಯೊಂದಿತ್ತು. ದಕ್ಷಿಣದ ಜಾರ್ಜಿಯಾದಿಂದ ಉತ್ತರದ ಮೇನ್ ತನಕ, ಬೆಟ್ಟದ ಬೆನ್ನಿನ ಮೇಲೇ ಸಾಗುವ ಎರಡು ಸಾವಿರ ಮೈಲಿಯ ಕಾಲುದಾರಿ. ಗಾಡಿ ಇಲ್ಲ, ಕುದುರೆ ಇಲ್ಲ, ಕೊನೆಯಲ್ಲಿ ದೇವಸ್ಥಾನವೂ ಇಲ್ಲ. ಜನ ಸುಮ್ಮನೆ ನಡೆಯುತ್ತಾರೆ. ಅಕ್ಕೋರು ಹದಿನೇಳು ವರ್ಷದಿಂದ, ರಜೆ ಸಿಕ್ಕಾಗಲೆಲ್ಲ ತಂಗಿಯ ಜೊತೆ ಒಂದೊಂದು ತುಂಡು ನಡೆದು, ನಡೆದಷ್ಟಕ್ಕೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು. ಕೆಂಪಾಗದೆ ಉಳಿದದ್ದು ಬೆರಳಿನ ಒಂದು ಗೆಣ್ಣಿನಷ್ಟು. ಅದೂ ಎಲ್ಲಿ? ಅವರ ಮನೆಯಿಂದ ಬಸ್ಸಿನಲ್ಲಿ ಒಂದು ತಾಸಿನ ದೂರದಲ್ಲಿ.

"ಇಲ್ಲೇ ಇದೆಯಲ್ಲ, ಯಾವಾಗಾದರೂ ಆದೀತು ಎಂದು ಬಿಟ್ಟಿದ್ದೆ" ಎಂದರು.

ನನಗೆ ಯಾಣ ನೆನಪಾಯಿತು. ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿಕೊಂಡೆ.

ಈಗ ತೊಂದರೆ ಏನೆಂದರೆ ಅಕ್ಕೋರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಚಳಿಗಾಲದಲ್ಲಿ ಶಸ್ತ್ರಕ್ರಿಯೆ. ದೃಷ್ಟಿ ಬರಬಹುದು, ಬಾರದೆಯೂ ಇರಬಹುದು ಎಂದಿದ್ದರಂತೆ ಡಾಕ್ಟರು. ತಂಗಿ ತನ್ನ ಮಗನ ಮನೆ ಸೇರಿ ದೂರವಾಗಿದ್ದಳು. "ಈ ಶರತ್ಕಾಲ ತಪ್ಪಿದರೆ ಆ ಗೆರೆ ಹಾಗೇ ಉಳಿಯಿತು" ಎಂದು ನಕ್ಷೆಯ ಮೇಲೆ ಬೆರಳಾಡಿಸಿದರು. ಕಣ್ಣು ಕಾಣದೆಯೂ ಬೆರಳು ಸರಿಯಾದ ಜಾಗಕ್ಕೇ ಹೋಗಿ ನಿಂತಿತು.

"ನಾನು ಬರುತ್ತೇನೆ ಅಕ್ಕೋರೇ. ರೊಕ್ಕ ಇಲ್ಲ, ಸೊಕ್ಕುಂಟು" ಎಂದು ಗಾದೆ ಬಿಡಿಸಿ ಹೇಳಿದೆ. ಅವರು ಬಿದ್ದು ಬಿದ್ದು ನಕ್ಕರು.

ಮೊದಲ ದಿನ: ಕಡಿಯುವ ಮರ

ಶರತ್ಕಾಲ ಎಂಬುದನ್ನು ನಾನು ಪುಸ್ತಕದಲ್ಲಿ ಓದಿದ್ದೆನೇ ಹೊರತು ಕಂಡವನಲ್ಲ. ನಮ್ಮಲ್ಲಿರುವುದು ಎರಡೇ ಕಾಲ: ಮಳೆಗಾಲ, ಮಳೆ ಬಿಟ್ಟ ಕಾಲ. ಇಲ್ಲಿ ಇಡೀ ಬೆಟ್ಟಕ್ಕೆ ಯಾರೋ ಅರಿಶಿನ ಕುಂಕುಮ ಎರಚಿದ ಹಾಗಿತ್ತು. ಎಲೆ ಕೆಂಪಾದರೆ ರೋಗ ಬಂತು ಎಂದು ವರದಿ ಬರೆಯುವ ಇಲಾಖೆಯವನು ನಾನು. ಅರ್ಧ ತಾಸು ಬಾಯಿ ತೆರೆದುಕೊಂಡೇ ನಡೆದೆ.

ಅಷ್ಟರಲ್ಲಿ ಕಂಡಿತು, ಒಂದು ದೊಡ್ಡ ಮೇಪಲ್ ಮರದ ಮೇಲೆ ಬಿಳಿ ಬಣ್ಣದ ಪಟ್ಟಿ. ಮುಂದಿನ ಮರದ ಮೇಲೂ ಇತ್ತು, ಅದರಾಚೆಯ ಮರದ ಮೇಲೂ ಇತ್ತು.

"ಅಯ್ಯಯ್ಯೋ, ಇಷ್ಟು ಒಳ್ಳೆಯ ಮರಗಳನ್ನೆಲ್ಲ ಕಡಿಯುತ್ತಾರಲ್ಲ ಅಕ್ಕೋರೇ!" ಎಂದೆ. ನಮ್ಮಲ್ಲಿ ಮರದ ಮೈಗೆ ಗುರುತು ಬಿತ್ತೆಂದರೆ ಅದರ ಆಯುಷ್ಯ ಮುಗಿಯಿತು. ನಾನೇ ಎಷ್ಟೋ ಮರಕ್ಕೆ ಸುತ್ತಿಗೆ ಬಡಿದು ನಂಬರು ಬರೆಸಿದ್ದೇನೆ.

ಅಕ್ಕೋರು ನಿಂತುಬಿಟ್ಟರು. "ಕಡಿಯಲಿಕ್ಕಲ್ಲ, ದಾರಿ ತೋರಿಸಲಿಕ್ಕೆ. ಇಡೀ ದಾರಿಗೆ ಇದೇ ಗುರುತು. ಈಗ ನನಗೆ ಕಾಣುವುದಿಲ್ಲ, ಅದಕ್ಕೇ ನೀನು."

ಸರಿ, ನಾನು ಗುರುತು ಕಂಡ ಕೂಡಲೇ ಕೂಗುವುದು, ಅವರು ಕೋಲೂರಿಕೊಂಡು ಬರುವುದು. ಮಧ್ಯಾಹ್ನದ ಹೊತ್ತಿಗೆ ಒಂದು ಮರದಲ್ಲಿ ಒಂದರ ಮೇಲೊಂದು ಎರಡು ಪಟ್ಟಿ ಕಂಡವು. ಅದರ ಅರ್ಥ ಅವರು ಹೇಳಿರಲಿಲ್ಲ, ನಾನು ಕೇಳಲೂ ಇಲ್ಲ. ಎರಡು ಗೆರೆ ಇದ್ದರೆ ಎರಡನೇ ದರ್ಜೆಯ ಮರ ಎಂದು ಕಚೇರಿಯ ತಲೆಯಲ್ಲೇ ತೀರ್ಮಾನಿಸಿ ನೆಟ್ಟಗೆ ನಡೆದೆ. ಒಂದೂವರೆ ತಾಸು ಕಳೆದ ಮೇಲೆ ನಾವಿಬ್ಬರೂ ಒಂದು ಹಳ್ಳದಲ್ಲಿ ಮೊಣಕಾಲುದ್ದ ತಣ್ಣೀರಿನಲ್ಲಿ ನಿಂತಿದ್ದೆವು.

"ಎರಡು ಪಟ್ಟಿ ಇದ್ದರೆ ದಾರಿ ತಿರುಗುತ್ತದೆ ಎಂದರ್ಥ" ಎಂದರು ಅಕ್ಕೋರು, ತಣ್ಣಗೆ. "ತಪ್ಪು ನನ್ನದೇ. ಕಲಿಸದೆ ಪರೀಕ್ಷೆ ಮಾಡಿದೆ."

ಮೂರು ಗೋಡೆಯ ಮನೆ

ದಾರಿಯುದ್ದಕ್ಕೂ ಒಂದು ದಿನದ ನಡಿಗೆಗೆ ಒಂದರಂತೆ ಮರದ ಬಿಡಾರಗಳಿವೆ. ಗೋಡೆ ಮೂರೇ. ನಾಲ್ಕನೆಯ ಕಡೆ ಬಯಲಾಟದ ರಂಗಸ್ಥಳದಂತೆ ತೆರೆದೇ ಇರುತ್ತದೆ. ಕಟ್ಟುತ್ತಿದ್ದ ಕೆಲಸದವರು ನಡುವೆಯೇ ಹೇಳದೆ ಕೇಳದೆ ಮನೆಗೆ ಹೋದರೇನೋ ಎನಿಸಿತು. ಕಾವಲಿಗೆ ಯಾರೂ ಇಲ್ಲ. ಒಳಗೊಂದು ದಪ್ಪ ಪುಸ್ತಕ, ಬಂದವರೆಲ್ಲ ಅದರಲ್ಲಿ ಹೆಸರು ಬರೆದು ಮನಸ್ಸಿಗೆ ಬಂದದ್ದನ್ನು ಗೀಚಿ ಹೋಗುತ್ತಾರೆ. ಕಟ್ಟಿಗೆ ಉರಿಸಿದವರು ಮುಂದೆ ಬರುವವರಿಗೆಂದು ಅಷ್ಟೇ ಕಟ್ಟಿಗೆ ಒಟ್ಟಿ ಹೋಗುತ್ತಾರೆ. ಇದು ನನಗೆ ಬಹಳ ಹಿಡಿಸಿತು.

ಹಿಡಿಸದೇ ಇದ್ದದ್ದು ಅಲ್ಲಿಯವರ ಮಾತಿನ ಜಿಪುಣತನ. ಎದುರಿಗೆ ಬಂದವರು "ಹಾಯ್" ಎನ್ನುತ್ತಾರೆ, ಹೋಗಿಯೇಬಿಡುತ್ತಾರೆ. ಯಾವ ಊರು, ಯಾರ ಪೈಕಿ, ಮಕ್ಕಳೆಷ್ಟು, ಒಂದೂ ಇಲ್ಲ! ತಡೆಯಲಾರದೆ ಎರಡನೆಯ ದಿನ ಒಬ್ಬ ಮುದುಕನಿಗೆ ನಮ್ಮ ಪದ್ಧತಿಯಂತೆ "ಊಟ ಆಯಿತೇ?" ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಅವನು ನನ್ನ ಮುಖ ನೋಡಿ ಮರುಗಿದ. ಚೀಲ ಬಿಚ್ಚಿ, ಚೀಸ್ ಎಂಬ ಅಲ್ಲಿಯ ಗಿಣ್ಣಿನ ದೊಡ್ಡ ತುಂಡು ನನ್ನ ಕೈಯಲ್ಲಿಟ್ಟು, ಭುಜ ತಟ್ಟಿ ಹೋದ. ಪಾಪ, ಉಪವಾಸವಿದ್ದೇನೆ ಎಂದುಕೊಂಡನೋ ಏನೋ. ಅಕ್ಕೋರು ಸಂಜೆವರೆಗೂ ನೆನೆನೆನೆದು ನಕ್ಕರು. ಗಿಣ್ಣು ಮಾತ್ರ ಚೆನ್ನಾಗಿತ್ತು.

ನನ್ನ ಅವಲಕ್ಕಿಗೆ ಬಿಸಿನೀರು ಚಿಮುಕಿಸಿ, ಸಕ್ಕರೆ ಹಾಕಿ ಕೊಟ್ಟೆ. ಅವರು ತಿಂದರು. ಮಿಡಿ ಉಪ್ಪಿನಕಾಯಿ ಕಚ್ಚಿ ಕಣ್ಣಲ್ಲಿ ನೀರು ತಂದುಕೊಂಡು, ಇನ್ನೊಂದು ಕೇಳಿದರು. ಪ್ರತಿ ಕೆಲಸ ಮುಗಿದಾಗಲೂ ನಾನು ಹೇಳುತ್ತಿದ್ದ "ಆತು" ಎಂಬ ಮಾತು ಅವರ ಕಿವಿಗೆ ಬಿದ್ದಿತ್ತು. ಏನೆಂದು ಕೇಳಿದರು.

"ಮುಗಿಯಿತು ಎಂದರೂ ಆತು. ಒಪ್ಪಿದೆ ಎಂದರೂ ಆತು. ಸಾಕು ಎಂದರೂ ಆತು."

"ಒಂದೇ ಮಾತಿನಲ್ಲಿ ಸಂಸಾರ ನಡೆಸುತ್ತೀರಿ" ಎಂದರು. ಬಿಡಾರದ ಪುಸ್ತಕದಲ್ಲಿ ಅದನ್ನು ನನ್ನ ಲಿಪಿಯಲ್ಲಿ ಬರೆಸಿ, ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದರು.

ನಾಲ್ಕನೆಯ ಬೆಳಿಗ್ಗೆ

ನನ್ನ ಸೊಕ್ಕು ಇಳಿದದ್ದು ಹೊಸ ಬೂಟಿನಿಂದ. ಊರಲ್ಲಿ ಚಪ್ಪಲಿಯಲ್ಲೇ ಕಾಡು ಸುತ್ತಿದವನು, ಇಲ್ಲಿಯವರ ಎದುರು ಮರ್ಯಾದೆಗೆಂದು ಗಟ್ಟಿ ಬೂಟು ಹಾಕಿಕೊಂಡಿದ್ದೆ. ಮೂರನೆಯ ದಿನ ಹಿಮ್ಮಡಿಯ ಚರ್ಮ ಸುಲಿದು ಬಂತು. ನಾಲ್ಕನೆಯ ಬೆಳಿಗ್ಗೆ ಕಾಲೂರಲು ಆಗಲಿಲ್ಲ.

ಉಳಿದದ್ದು ಒಂದೇ ಶಿಖರ. ಅದನ್ನು ಹತ್ತಿ ಆಚೆ ಇಳಿದರೆ ಡಾಂಬರು ರಸ್ತೆ, ಒಂದು ಅಂಗಡಿ, ಅದರೆದುರಿನ ಮರದಲ್ಲಿ ಅಕ್ಕೋರ ಕೊನೆಯ ಗುರುತು. ನಾವಿದ್ದ ಬಿಡಾರದಿಂದ ಶಿಖರ ಹತ್ತದೆ ಬಳಸಿಕೊಂಡು ಅದೇ ಅಂಗಡಿಗೆ ಇಳಿಯುವ, ನೀಲಿ ಗುರುತಿನ ಒಳದಾರಿಯೊಂದಿತ್ತು. ಹಿಂದಿನ ಸಂಜೆ ಇಬ್ಬರು ಕಾಲೇಜು ಹುಡುಗರು ಬಂದು ತಂಗಿದ್ದರು, ಅವರೂ ಶಿಖರ ದಾಟುವವರೇ. ಅಕ್ಕೋರನ್ನು ಜೋಪಾನವಾಗಿ ಕರೆದುಕೊಂಡು ಹೋಗಿ ಎಂದು ಅವರಿಗೆ ಹೇಳಿದೆ. ಆಗಲಿ ಎಂದರು.

ಅಕ್ಕೋರಿಗೆ ಮಾತ್ರ ನೇರ ಹೇಳಲು ನಾಲಿಗೆ ಏಳಲಿಲ್ಲ. ನಿಮ್ಮನ್ನು ಬಿಟ್ಟು ಹೋಗುತ್ತೇನೆ ಎಂದು ನಮ್ಮಲ್ಲಿ ಯಾರಾದರೂ ಹೇಳುತ್ತಾರೆಯೇ? "ಕಾಲು ಕೆಟ್ಟಿದೆ ಅಕ್ಕೋರೇ, ಕೆಳಗೆ ಅಂಗಡಿಗೆ ಹೋಗಿ ಪಟ್ಟಿ ಕಟ್ಟಿಕೊಳ್ಳುತ್ತೇನೆ. ಈ ಹುಡುಗರು ಒಳ್ಳೆಯವರು" ಎಂದಷ್ಟೇ ಅಂದೆ. ದಾರಿ ತಿರುಗುವಲ್ಲಿ ಕೈಯೆತ್ತಿ, ಅವ್ವ ಕಲಿಸಿದ್ದನ್ನು ಇಂಗ್ಲಿಷಿಗೆ ತಿರುಗಿಸಿ ಕೂಗಿದೆ: "ಐ ಆಮ್ ಕಮಿಂಗ್!"

ಅವರೂ ಕೈಯೆತ್ತಿದರು.

ಅಂಗಡಿ ಕಟ್ಟೆ

ಅಂಗಡಿಯವನು ಕಾಲಿಗೆ ಔಷಧ ಹಚ್ಚಿ ಪಟ್ಟಿ ಸುತ್ತಿದ. ಸೇಬಿನ ಹೂರಣ ತುಂಬಿದ ಸಿಹಿ ಕೊಟ್ಟ. ರೇಡಿಯೋದಲ್ಲಿ ನಾಳೆ ಹಿಮ ಬೀಳುತ್ತದೆ ಎಂದರು. ಇವತ್ತೇ ಮುಗಿದುಹೋಗುತ್ತದಲ್ಲ, ಬಚಾವು ಎಂದುಕೊಂಡು, ಎದುರಿನ ಮರದ ಬಿಳಿ ಗುರುತನ್ನೇ ನೋಡುತ್ತ ಕೂತೆ. ಅಕ್ಕೋರು ಬಂದು ಅದನ್ನು ಮುಟ್ಟುವಾಗ ಚಪ್ಪಾಳೆ ತಟ್ಟಬೇಕೆಂದು ಅಂಗಡಿಯವನಿಗೂ ಹೇಳಿಟ್ಟಿದ್ದೆ.

ಮಧ್ಯಾಹ್ನ ಹುಡುಗರು ಇಳಿದು ಬಂದರು. ಇಬ್ಬರೇ.

"ಅಕ್ಕೋರೆಲ್ಲಿ?"

"ಬರಲಿಲ್ಲ. ನೀವು ಬರುತ್ತೇನೆ ಎಂದಿದ್ದೀರಂತಲ್ಲ? ನೀವು ಬಂದ ಮೇಲೆ ಹೊರಡುತ್ತೇನೆ ಎಂದು ಕೂತಿದ್ದಾರೆ. ನಾವು ಎಷ್ಟು ಹೇಳಿದರೂ ಕೇಳಲಿಲ್ಲ."

ನನ್ನ ಕೈಯಲ್ಲಿದ್ದ ಸಿಹಿ ಅಲ್ಲೇ ಉಳಿಯಿತು. ಬತ್ತೆ! ಆ ಹಾಳು ಬತ್ತೆ! ಹದಿನೇಳು ವರ್ಷದ ದಾರಿಯಲ್ಲಿ ಕೊನೆಯ ಒಂದು ದಿನ ಉಳಿದಿರುವಾಗ, ಹಿಮ ಬೀಳುವ ಮುನ್ನಾದಿನ, ಕಣ್ಣು ಕಾಣದ ಹೆಂಗಸನ್ನು ನಾನು ಮೂರು ಗೋಡೆಯ ನಡುವೆ ಕೂರಿಸಿ ಬಂದಿದ್ದೆ. ಕಾದು ಕಾದು ನನ್ನನ್ನು ಹುಡುಕಿಕೊಂಡು ಒಬ್ಬರೇ ಇಳಿದರೆ?

ಬೂಟು ಏರಲಿಲ್ಲ. ಚೀಲದ ತಳದಲ್ಲಿ ಕುಮಟೆಯ ಪೇಟೆಯಲ್ಲಿ ಕೊಂಡ ನನ್ನ ಹಳೆಯ ಚಪ್ಪಲಿ ಇತ್ತು. ಪಟ್ಟಿ ಸುತ್ತಿದ ಕಾಲಿಗೆ ಅದನ್ನೇ ಮೆಟ್ಟಿಕೊಂಡೆ. ಅಂಗಡಿಯವನು "ಈ ಚಪ್ಪಲಿಯಲ್ಲಿ ಬೆಟ್ಟವೇ?" ಎಂದು ಹಣೆ ಚಚ್ಚಿಕೊಂಡ. ನಾನು ಆಗಲೇ ನೀಲಿ ಗುರುತಿನ ಒಳದಾರಿ ಹಿಡಿದಿದ್ದೆ.

ಮತ್ತೆ ಬಿಡಾರ

ಗಜನಿ ಗದ್ದೆಯ ಉಪ್ಪುನೀರಿನ ನಡುವೆ, ಜಾರುವ ಕಿರಿದಾದ ಏರಿಯ ಮೇಲೆ ಓಡಾಡಿ ಬೆಳೆದ ಕಾಲುಗಳು ನನ್ನವು. ಚಪ್ಪಲಿ ಮೆಟ್ಟಿದ ಮೇಲೆ ಅವಕ್ಕೆ ನೆನಪು ಬಂದಂತಾಯಿತು. ಕಾಲು ಉರಿಯುತ್ತಿತ್ತು, ನಾನು ನನ್ನನ್ನೇ ಬೈದುಕೊಂಡು ಹತ್ತುತ್ತಿದ್ದೆ. ಪ್ರತಿ ತಿರುವಿನಲ್ಲೂ "ಅಕ್ಕೋರೇ!" ಎಂದು ಕೂಗಿದೆ. ಉತ್ತರವಿಲ್ಲ. ಹೊತ್ತು ಇಳಿಯುವ ಮೊದಲು ಹೊಗೆಯ ವಾಸನೆ ಬಂತು. ಅಷ್ಟು ಒಳ್ಳೆಯ ವಾಸನೆಯನ್ನು ನಾನು ಜನ್ಮದಲ್ಲಿ ಮೂಸಿಲ್ಲ.

ಅಕ್ಕೋರು ಬೆಂಕಿಯ ಮುಂದೆ ಕೂತಿದ್ದರು. ಬಟ್ಟಲು ಎರಡಿದ್ದವು.

"ತಡವಾಯಿತು" ಎಂದರು.

ನಾನು ಕುಸಿದು ಕೂತು ಎಲ್ಲ ಹೇಳಿದೆ. ಹೊಸಿಲಿನಲ್ಲಿ ಅವ್ವ ಗದರಿದ್ದು, ಹೋಗುವಾಗ ಹೋಗ್ತೆ ಎಂದರೆ ಅಪಶಕುನವೆಂಬುದು, ಹೋಗುವವರೆಲ್ಲ ಬತ್ತೆ ಎನ್ನುವುದು, ಕೇಳಿದವರು ಯಾರೂ ಕಾಯುತ್ತ ಕೂರುವುದಿಲ್ಲ ಎಂಬುದು. "ನಿಮ್ಮ ದಿನ ಹಾಳು ಮಾಡಿದೆ ಅಕ್ಕೋರೇ. ನಾಳೆ ಹಿಮ ಬೀಳುತ್ತದಂತೆ."

ಅವರು ಬೆಂಕಿಗೆ ಇನ್ನೊಂದು ಕಟ್ಟಿಗೆ ತಳ್ಳಿದರು. ಆಮೇಲೆ ಕೇಳಿದರು: "ಹಾಗಾದರೆ ನೀನು ಬರಬೇಕಾಗಿರಲಿಲ್ಲವೇ?"

"ಇಲ್ಲ."

"ಬಂದೆಯಲ್ಲ. ನಾನು ತಿಳಿದದ್ದೇ ಸರಿಯಾಯಿತು. ಊಟ ಮಾಡು."

ಬತ್ತೆ ಎಂಬ ಆ ಮಾತನ್ನೂ ಪುಸ್ತಕದಲ್ಲಿ ಬರೆಸಿದರು. ಇನ್ನೊಂದು ಚೀಟಿಯಲ್ಲಿ ಬರೆಸಿ ಕೋಟಿನ ಕಿಸೆಯಲ್ಲಿಟ್ಟುಕೊಂಡರು.

ಬಿಳಿಯ ಮೇಲೆ ಬಿಳಿ

ಬೆಳಿಗ್ಗೆ ಎದ್ದರೆ ರೇಡಿಯೋದವರ ಮಾತು ನಿಜವಾಗಿತ್ತು. ಬಹಳವೇನಲ್ಲ, ಅಕ್ಕಿಹಿಟ್ಟು ಜರಡಿ ಹಿಡಿದಷ್ಟು. ಆದರೆ ಗಾಳಿಗೆ ಅದು ಮರದ ಕಾಂಡಕ್ಕೆಲ್ಲ ಮೆತ್ತಿಕೊಂಡಿತ್ತು. ಬಿಳಿ ಹಿಮದ ಮೇಲೆ ಬಿಳಿ ಗುರುತು ಹುಡುಕುವುದು ಹೇಗೆ? ಎರಡು ಮರ ದಾಟುವಷ್ಟರಲ್ಲಿ ನನಗೆ ದಿಕ್ಕು ತಪ್ಪಿತು.

"ಈಗ ನಿನ್ನ ಕಣ್ಣೂ ನನ್ನ ಕಣ್ಣೂ ಒಂದೇ" ಎಂದರು ಅಕ್ಕೋರು. ಕೈಗವಸು ಕಳಚಿ, ಕಾಂಡದ ಹಿಮ ಒರೆಸಿ, ಬೆರಳಿನಿಂದ ಸವರಿದರು. "ಇದಲ್ಲ. ಬಣ್ಣವಿದ್ದಲ್ಲಿ ತೊಗಟೆ ನುಣುಪಿರುತ್ತದೆ." ಮುಂದಿನ ಮರ ಸವರಿದರು. "ಇದು."

ಹಾಗೇ ನಡೆದೆವು. ನಾನು ಕಲ್ಲು ಬೇರು ಇದ್ದಲ್ಲಿ ಎಚ್ಚರಿಸುವುದು, ಅವರು ಮರ ಸವರಿ ದಾರಿ ಹೇಳುವುದು. ಉಣ್ಣೆಯ ಕಾಲುಚೀಲಕ್ಕೆ ಚಪ್ಪಲಿ ಕಟ್ಟಿಕೊಂಡ ಕಾಗಾಲದವನು, ಕೆಂಪಗೆ ಮರಗಟ್ಟಿದ ಬೆರಳಿನ ಅಕ್ಕೋರು, ನೋಡಿದವರು ನಕ್ಕಾರು. ಶಿಖರದ ಮೇಲೆ ಮೋಡ ಬಿಟ್ಟರೆ ಏನೂ ಕಾಣಲಿಲ್ಲ. "ಬಹಳ ಚೆಂದವಿದೆ ಅಕ್ಕೋರೇ" ಎಂದು ಸುಳ್ಳು ಹೇಳಿದೆ. "ಸುಳ್ಳ" ಎಂದು ನಕ್ಕರು.

ಮಧ್ಯಾಹ್ನ ಕಳೆದು ರಸ್ತೆ ಸಿಕ್ಕಿತು. ಅಂಗಡಿಯವನು ಹೊರಗೆ ಬಂದು ನಿಂತ. ನಾನು ಅಕ್ಕೋರನ್ನು ಆ ಕೊನೆಯ ಮರದ ಎದುರು ತಂದು ಬಿಟ್ಟೆ. ಅವರು ಎರಡೂ ಕೈಯಿಂದ ಗುರುತನ್ನು ಮುಟ್ಟಿದರು, ಹಣೆಯನ್ನೂ ತಾಗಿಸಿ ನಿಂತರು. ಚಪ್ಪಾಳೆ ತಟ್ಟಬೇಕೆಂದು ನನಗೂ ನೆನಪಾಗಲಿಲ್ಲ, ಅಂಗಡಿಯವನಿಗೂ ನೆನಪಾಗಲಿಲ್ಲ. ಆಮೇಲೆ ಅವರು ತಿರುಗಿ, ಸ್ಪಷ್ಟವಾಗಿ, ನಮ್ಮ ಕಾಗಾಲದ ಹೆಂಗಸರು ಕೆಲಸ ಮುಗಿಸಿ ಸೆರಗಿಗೆ ಕೈ ಒರೆಸುತ್ತ ಹೇಳುವ ಹಾಗೆಯೇ ಹೇಳಿದರು: "ಆತು."

ನಾನು ಅತ್ತುಬಿಟ್ಟೆ. ಹೇಳಿಕೊಳ್ಳಲು ನಾಚಿಕೆಯಿಲ್ಲ.

ಹೊನ್ನಾವರ

ವರ್ಮಾಂಟಿನಿಂದ ಹೊರಡುವ ದಿನ ಬಸ್ಸು ಹತ್ತುವಾಗ ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ. ಬತ್ತೆ ಅಂದರೆ ಈ ಹೆಂಗಸು ಕಾಯುತ್ತ ಕೂತಾರು! ಬರೀ ಕೈ ಮುಗಿದೆ.

ಊರಿಗೆ ಬಂದು, ಶರಾವತಿಯ ಲಾಂಚು, ಕಚೇರಿಯ ಕಡತ ಎಲ್ಲ ಮೊದಲಿನಂತಾದ ಮೇಲೆ ಒಂದು ಕಾಗದ ಬಂತು. ದೊಡ್ಡ ದೊಡ್ಡ ಅಕ್ಷರ, ಅವರದೇ ಕೈಬರಹ. ಬಲಗಣ್ಣು ಚೆನ್ನಾಗಿ ಬಂದಿದೆ, ಎಡಗಣ್ಣು ಹಠ ಮಾಡುತ್ತಿದೆ. ನಕ್ಷೆಯ ಕೊನೆಯ ಗೆರೆಯನ್ನು ನಾನೇ ನೋಡಿಕೊಂಡು ಎಳೆದೆ. ನಿನ್ನ ಸೊಕ್ಕಿನ ಬೆಟ್ಟ ಎಲ್ಲಿದೆ? ಇಷ್ಟು ಬರೆದು, ಕೆಳಗೆ ಆ ಚೀಟಿ ನೋಡಿಕೊಂಡು ಕನ್ನಡದಲ್ಲಿ ಒಂದು ಪದ ಬರೆದಿದ್ದರು. ಒತ್ತಕ್ಷರ ಎಲ್ಲೋ ಓಡಿಹೋಗಿತ್ತು. ಆದರೂ ಓದಲು ಬಂತು: ಬತ್ತೆ.

ಕಾಗಾಲಕ್ಕೆ ಹೋದಾಗ ಅವ್ವನಿಗೆ ಓದಿ ಹೇಳಿದೆ.

"ಯಾವಾಗ ಬತ್ರಂತೆ?" ಎಂದಳು ಅವ್ವ.

"ಬರೂದಲ್ಲ ಅವ್ವಾ. ಅದು ಬರೀ ಬಾಯ್ಮಾತು. ನಾನೇ ಕಲ್ಸಿದ್ದು."

"ನಿಂಗೆ ಬಾಯ್ಮಾತು. ಆ ಮಾತ್ ನಂಬ್ಕಂಡು ಅವ್ರು ಚಳಿಲಿ ದಿನ ಇಡೀ ಕೂತದ್ದು ಮರ್ತೇ ಹೋಯ್ತ? ಬತ್ತೆ ಅಂದ ಮೇಲೆ ಬತ್ರು. ಬಂದ್ರೆ ಯಾಣಕ್ಕೆ ಕರ್ಕಂಡು ಹೋಗೂದು ಯಾರು? ನೀ ದಾರಿ ಕಂಡಂವ ಹೌದ? ನನ್ ಹರಕೆನೂ ಅವ್ರ ಸಂಗ್ತಿಗೇ ಬಂದು ತೀರ್ಸೂದು."

ಮುಂದಿನ ಆದಿತ್ಯವಾರ ಒಂದು ಗಡಿಗೆ ಸುಣ್ಣ ಕಲಸಿಕೊಂಡು, ಯಾಣದ ಕಾಡಿನ ಗಾರ್ಡು ಬೀರನನ್ನು ಕರೆದುಕೊಂಡು ಅಲ್ಲಿಯ ಕಾಲುದಾರಿ ಹಿಡಿದೆ, ಹಳೆಯ ಚಪ್ಪಲಿಯಲ್ಲೇ. ದಾರಿ ಕಾಣುವ ಕಡೆಗೆಲ್ಲ ಮರಕ್ಕೊಂದು ಬಿಳಿ ಪಟ್ಟಿ, ತಿರುಗುವಲ್ಲಿ ಎರಡು. ಹತ್ತು ಮರ ಆಗುವಷ್ಟರಲ್ಲಿ ಬೀರನ ಮುಖ ಸಣ್ಣಗಾಯಿತು. ಒಂದು ದೊಡ್ಡ ಮತ್ತಿ ಮರವನ್ನು ತಬ್ಬಿದಂತೆ ನಿಂತು ಕೇಳಿದ:

"ಸಾಹೇಬ್ರೆ, ಇಷ್ಟೂ ಮರ ಕಡಿಯೂಕೆ ಆರ್ಡರ್ ಬಂತಾ?"

"ಕಡಿಯೂಕಲ್ಲ ಮಾರಾಯ, ನಡೆಯೂಕೆ."

ಎಲ್ಲ ಬಿಡಿಸಿ ಹೇಳಿದೆ. ಅವನು ಗಡಿಗೆಯೊಳಗೆ ಇಣುಕಿ ನೋಡಿ ತಲೆಯಾಡಿಸಿದ.

"ಒಂದ್ ಮಳೆ ಬಂದ್ರೆ ಸುಣ್ಣ ಎಲ್ಲಾ ತೊಳ್ದು ಹೋತದಲ್ರಾ."

"ಹೋದ್ರೆ ಮತ್ತೆ ಹಚ್ಚೂದು ಬೀರಾ. ಬತ್ತೆ ಅಂದಾರೆ ಅವ್ರು."